ಹಾಜರಿಗೆ ಮನೆ, ಮಾತಿಗೆ ಮಗು

ಭೂತಾನಕ್ಕೆ ಹೋಗಿ ಬಂದೆ ಎಂದಾಗ ಗುಂಡ್ಲುಪೇಟೆ ಡಿಪೋದಲ್ಲಿ ಎಲ್ಲರೂ ಸುತ್ತ ಸೇರಿದರು. ಹಿಮ ನೋಡಿದೆಯಾ, ಬಂಡೆಗೆ ಅಂಟಿಕೊಂಡಿರುವ ಆ ಮಠ ಹತ್ತಿದೆಯಾ, ರಾಜನ ಅರಮನೆ ಹೇಗಿದೆ ಎಂದು ಕೇಳಿದರು. ಅದ್ಯಾವುದನ್ನೂ ನೋಡಲಿಲ್ಲ, ಒಂದು ಹಳ್ಳಿಯ ಮೀಟಿಂಗ್ ನೋಡಿದೆ ಎಂದೆ. ಎಲ್ಲರೂ ನಕ್ಕರು.

"ಮೀಟಿಂಗ್ ನೋಡಕ್ಕೆ ಅಷ್ಟು ದೂರ ಓಗ್ಬೇಕಿತ್ತೇನ್ಲಾ? ನಮ್ ಪಂಚಾಯ್ತೀಲಿ ಆಯ್ತಾ ಇರಲ್ವಾ?" ಎಂದ ನನ್ನ ಬಸ್ಸಿನ ಕಂಡಕ್ಟರ್.

ಆಗುತ್ತದೆ. ಹೇಗೆ ಆಗುತ್ತದೆ ಎನ್ನುವುದೂ ನನಗೆ ಗೊತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಗುವವರು ನಗಲಿ.

ನಾನು ಸಿದ್ದರಾಜು, ಸರ್ಕಾರಿ ಬಸ್ಸಿನ ಚಾಲಕ. ಬಹಳ ವರ್ಷ ಕಲ್ಲಿಕೋಟೆಯ ಘಾಟಿಯಲ್ಲಿ ಓಡಿಸಿದೆ, ಈಗ ಗುಂಡ್ಲುಪೇಟೆ–ಚಾಮರಾಜನಗರ. ನಮ್ಮೂರು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕೆಳಗಿದೆ. ಮನೆ ಮುಂದೆ ನಮ್ಮ ಚೆಂಡು ಹೂವಿನ ಹೊಲ, ಹೊಲದಾಚೆ ಸೋಲಾರ್ ಬೇಲಿ, ಬೇಲಿಯಾಚೆ ಕಾಡು. ಹೊಲ ನೋಡಿಕೊಳ್ಳುವವಳು ಹೆಂಡತಿ ರತ್ನ. ಅವಳ ತವರು ಸಂತೆಮರಹಳ್ಳಿ. ಅವಳ ತಮ್ಮ ಮಾದೇಶ ಭೂತಾನದ ಬೆಟ್ಟದ ರಸ್ತೆಗಳಲ್ಲಿ ಜೆಸಿಬಿ ಓಡಿಸುತ್ತಾನೆ. ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಮಣ್ಣು ಎಳೆದು ದಾರಿ ಬಿಡಿಸುವುದು ಅವನ ಕೆಲಸ. "ಒಂದ್ಸಲ ಬನ್ನಿ ಬಾವ, ನಿಮ್ ಘಾಟಿ ಎಲ್ಲಾ ಇದರ ಮುಂದೆ ಆಟದ ಮೈದಾನ" ಎಂದು ಫೋನಿನಲ್ಲಿ ಕೆಣಕುತ್ತಲೇ ಇದ್ದ. ಮಗಳು ಸಿಂಚನ ಏಳನೇ ಕ್ಲಾಸು ಮುಗಿಸಿದ ಬೇಸಿಗೆ ರಜೆಯಲ್ಲಿ ಮೂವರೂ ಹೊರಟೆವು.

ಗಡಿ

ರೈಲಿನ ಪ್ರಯಾಣ ಬರೆಯುವುದಿಲ್ಲ. ಬೆನ್ನಿಗೇ ಅದು ನೆನಪಿದೆ, ಸಾಕು.

ಗಡಿಯ ಈಚೆ ನಮ್ಮ ದೇಶದ ಪೇಟೆ, ಆಚೆ ಅವರ ಪೇಟೆ, ನಡುವೆ ಒಂದು ಬಣ್ಣದ ಬಾಗಿಲು. ಈಚೆ ಹಾರ್ನುಗಳ ಗದ್ದಲದಲ್ಲಿ ಹೆಂಡತಿ ಹೇಳಿದ್ದು ನನಗೆ ಕೇಳಿಸುತ್ತಿರಲಿಲ್ಲ. ಬಾಗಿಲು ದಾಟಿದ ಕೂಡಲೇ ಯಾರೋ ಸ್ವಿಚ್ಚು ಆರಿಸಿದ ಹಾಗೆ ಎಲ್ಲವೂ ನಿಂತಿತು. ಅಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲ. ಪುಟ್ಟ ಹುಡುಗನೊಬ್ಬ ರಸ್ತೆಗೆ ಕಾಲಿಟ್ಟರೆ ಎರಡೂ ಕಡೆ ವಾಹನಗಳು ನಿಲ್ಲುತ್ತವೆ. ಡ್ರೈವರ್ ಆದ ನನಗೆ ಅದನ್ನು ನೋಡಿ ಖುಷಿಗಿಂತ ಹೆಚ್ಚಾಗಿ ಅಸೂಯೆಯಾಯಿತು.

ಪರವಾನಗಿ ಕೊಡುವ ಕಚೇರಿಯಲ್ಲಿ ಒಬ್ಬ ಅಧಿಕಾರಿ, ಮೊಣಕಾಲುದ್ದದ ಅವರ ನಿಲುವಂಗಿ ತೊಟ್ಟು ಕೂತಿದ್ದರು. ಮಗಳ ಕಾಗದ ನೋಡಿ ಹಿಂದಿಯಲ್ಲಿ ಕೇಳಿದರು, "ಹೆಸರೇನು?"

"ಸಿಂಚನ" ಎಂದೆ ನಾನು.

"ನಾನು ಕೇಳಿದ್ದು ಅವಳನ್ನ" ಎಂದರು. ಕೋಪದಿಂದ ಹೇಳಲಿಲ್ಲ. ಆದರೂ ನನ್ನ ಕಿವಿ ಬಿಸಿಯಾಯಿತು. ನನ್ನ ಮಗಳ ಹೆಸರು ಹೇಳುವುದಕ್ಕೆ ನನಗೇ ಅಪ್ಪಣೆ ಬೇಕೆ?

ಸಿಂಚನ ಇಂಗ್ಲಿಷಿನಲ್ಲಿ ಹೆಸರು ಹೇಳಿದಳು. ಇವರು ಯಾರು ಎಂದರು. ಅಪ್ಪ, ಬಸ್ ಡ್ರೈವರ್ ಎಂದಳು. ಅವರು ತಮಾಷೆಗೆ, "ಒಳ್ಳೇ ಡ್ರೈವರಾ?" ಎಂದರು. ಅವಳು ನಿಜವಾಗಿಯೂ ಯೋಚಿಸಿ, "ಸಮ್‌ಟೈಮ್ಸ್" ಎಂದಳು.

ಆ ಮನುಷ್ಯ ನಗುತ್ತಲೇ ಮುದ್ರೆ ಒತ್ತಿದರು. ಹೊರಗೆ ಬಂದು ರತ್ನ ಮಗಳ ತಲೆಗೆ ಮೊಟಕಿದಳು. "ದೊಡ್ಡೋರ್ ಮುಂದೆ ಅಂಗ್ ಮಾತಾಡ್ತಾರೇನಮ್ಮಿ?"

"ಅವ್ರೇ ಕೇಳಿದ್ರಲ್ಲವ್ವ" ಎಂದಳು ಸಿಂಚನ.

ಮಾದೇಶನ ಕ್ಯಾಂಪು

ಮಾದೇಶ ಹೇಳಿದ್ದು ಸುಳ್ಳಲ್ಲ. ಆ ರಸ್ತೆಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ನಾನು ಇಲ್ಲದ ಬ್ರೇಕನ್ನು ತುಳಿದು ತುಳಿದು ಕಾಲು ನೋಯಿಸಿಕೊಂಡೆ. ಕ್ಯಾಂಪು ಎಂದರೆ ತಗಡಿನ ಮೂರು ಕೋಣೆ. ಅದರ ಮೇಲಿನ ಇಳಿಜಾರಿನಲ್ಲಿ ಹಳ್ಳಿ, ಮೆಕ್ಕೆಜೋಳದ ಹೊಲಗಳು, ಅದಕ್ಕೂ ಮೇಲೆ ಕಾಡು.

ಮೊದಲ ದಿನವೇ ಒಂದು ಎಡವಟ್ಟು ಮಾಡಿಕೊಂಡೆ. ಅಲ್ಲಿಯೂ ಎಲೆ ಅಡಿಕೆ ಸುಣ್ಣ ಹಾಕುತ್ತಾರೆ, ಡೋಮಾ ಎನ್ನುತ್ತಾರೆ. ನಮ್ಮ ಎಲೆ ಅಡಿಕೆಯ ನೆಂಟನೇ ತಾನೆ ಎಂದು ಪೂರ್ತಿ ಬಾಯಿಗೆ ಹಾಕಿಕೊಂಡೆ. ಅವರ ಅಡಿಕೆ ಒಣಗಿಸಿದ್ದಲ್ಲ, ಹಸಿ. ಒಂದೇ ನಿಮಿಷಕ್ಕೆ ಎದೆ ಕಾದು, ಬೆವರು ಕಿತ್ತು, ತಲೆ ಗಿರ್ರೆಂದಿತು. ಗೋಡೆ ಹಿಡಿದು ಕೂತೆ. ಆಗ ಹಾಲಿನ ಕ್ಯಾನು ಹಿಡಿದು ಬಂದ ಹುಡುಗಿಯೊಬ್ಬಳು ನನ್ನನ್ನು ನೋಡಿ, ಏನೂ ಕೇಳದೆ, ಒಂದು ಲೋಟ ನೀರು ತಂದು ಮುಂದಿಟ್ಟಳು. ಅವಳೇ ಪೆಮಾ.

ಪೆಮಾ ಆರನೇ ಕ್ಲಾಸು. ಸಿಂಚನಳಷ್ಟೇ ಎತ್ತರ. ಅವರ ಮನೆಯಿಂದ ಕ್ಯಾಂಪಿಗೆ ಹಾಲು ಬರುತ್ತಿತ್ತು. ತಂದೆಗೆ ದೂರದ ವಿದ್ಯುತ್ ಯೋಜನೆಯಲ್ಲಿ ಕೆಲಸ. ತಾಯಿ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಪಾದ ಮುರಿದುಕೊಂಡು ಮಲಗಿದ್ದರು. ನಮ್ಮ ಹುಡುಗಿಯೂ ಅವಳೂ ಅರ್ಧಂಬರ್ಧ ಇಂಗ್ಲಿಷಿನಲ್ಲೇ ಎರಡು ದಿನಕ್ಕೆ ಗೆಳತಿಯರಾದರು. ಭಾನುವಾರ ಬೆಳಿಗ್ಗೆ ಆಟಕ್ಕೆ ಬಾ ಎಂದಾಗ ಪೆಮಾ, "ಬರಕ್ಕಾಗಲ್ಲ, ಊರಿನ ಸಭೆ ಇದೆ, ನಮ್ಮ ಮನೆಯಿಂದ ನಾನೇ ಹೋಗಬೇಕು" ಎಂದಳಂತೆ.

ರತ್ನಳಿಗೆ ನಂಬಿಕೆಯಾಗಲಿಲ್ಲ. "ಇಷ್ಟುದ್ದ ಉಡ್ಗೀನ ಕಳುಸ್ತಾರಾ? ಅಕ್ಕಪಕ್ಕದ ಗಂಡುಸ್ರು ಯಾರೂ ಇಲ್ವಾ?"

"ಮನೆಗೊಬ್ರು ಓಗ್ಲೇಬೇಕು ಕಣಕ್ಕ. ಯಾರ್ ಓಯ್ತಾರೋ ಅವತ್ತು ಅವ್ರೇ ಆ ಮನೆ" ಎಂದ ಮಾದೇಶ. ಅವನಿಗೂ ಕರೆ ಬಂದಿತ್ತು. ಊರಿನವರು ಕಾಡುಹಂದಿ ತಡೆಯಲು ಕರೆಂಟ್ ಬೇಲಿ ಹಾಕಿಸುತ್ತಿದ್ದರು. ಕಂಬದ ಗುಂಡಿ ತೋಡಲು ಜೆಸಿಬಿ ಯಾವಾಗ ಸಿಗುತ್ತದೆ ಎಂದು ಅವನು ಹೇಳಬೇಕಿತ್ತು.

ಬೇಲಿಯ ಸಭೆ ಎಂದರೆ ನನಗೆ ಹೊಸದೇ? ನಾವು ಬದುಕುತ್ತಿರುವುದೇ ಬೇಲಿಯ ಬುಡದಲ್ಲಿ. ನಾನೂ ಬರುತ್ತೇನೆ ಎಂದೆ. ನಾನು ಹೊರಟ ಮೇಲೆ ಸಿಂಚನಳೂ ಹೊರಟಳು.

ದೇಗುಲದ ಅಂಗಳ

ಸಭೆ ಸೇರಿದ್ದು ಊರ ದೇಗುಲದ ಅಂಗಳದಲ್ಲಿ. ಕುರ್ಚಿ ಇರಲಿಲ್ಲ, ಮೈಕು ಇರಲಿಲ್ಲ. ಹೆಂಗಸರ ಎಡ ಹೆಗಲ ಮೇಲೆ ನೇಯ್ದ ಕೆಂಪು ಪಟ್ಟಿ, ಸಭೆಗೆ ಬರುವಾಗ ಹಾಕಲೇಬೇಕಂತೆ. ಪೆಮಾ ಅಮ್ಮನ ಪಟ್ಟಿ ಹಾಕಿಕೊಂಡಿದ್ದಳು. ಅದು ಅವಳ ಮೊಣಕಾಲಿಗೆ ಬಡಿಯುತ್ತಿತ್ತು. ಅವಳ ಹಾಗೆ ಮನೆಯ ಪರವಾಗಿ ಬಂದ ಇನ್ನೊಬ್ಬ ಹುಡುಗನೂ ಇದ್ದ. ಅವನು ಆಗಲೇ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದ.

ಊರ ಮುಖ್ಯಸ್ಥನ ಹೆಸರು ಕಿನ್ಲೆ, ನನ್ನ ವಯಸ್ಸಿನವನೇ. ಒಂದೊಂದೇ ಮನೆಯ ಹೆಸರು ಕೂಗಿದ, ಬಂದವರು ಎದ್ದು ಉತ್ತರ ಕೊಟ್ಟರು. ಪೆಮಾ ಎದ್ದಾಗ ಅವನು ಮುಖ ಸಿಂಡರಿಸಿ ಏನೋ ಅಂದ. ಮಾದೇಶ ನನ್ನ ಕಿವಿಯಲ್ಲಿ, "'ಮತ್ತೆ ಮಕ್ಳನ್ನ ಕಳುಸ್ಬುಟ್ರಾ' ಅಂತವ್ನೆ ಬಾವ" ಎಂದ. ಸುಳ್ಳು ಹೇಳಲಾರೆ, ಅಲ್ಲಿಯವರೇನೂ ಮಕ್ಕಳನ್ನು ಹೂವು ಹಾಕಿ ಕರೆಯುವುದಿಲ್ಲ. ಅವರಿಗೂ ಅದು ಕಿರಿಕಿರಿಯೇ. ಆದರೆ ಎದ್ದು ಹೋಗು ಎನ್ನುವ ಹಾಗಿಲ್ಲ.

ಬೇಲಿಯ ವಿಷಯ ಬಂತು. ಬಂದ ತಂತಿ ಸಾಲದು. ಪೆಮಾಳ ಮನೆ, ಹೊಲ ಒಂದು ತೊರೆಯಾಚೆ ಒಂಟಿಯಾಗಿವೆ. ಅವನ್ನು ಒಳಗೆ ತೆಗೆದುಕೊಂಡರೆ ಬೇಲಿ ಬಳಸಿ ಹೋಗಬೇಕು, ಕೆಳಗಿನ ಒಂದಷ್ಟು ಹೊಲಕ್ಕೆ ತಂತಿ ಮುಗಿದುಹೋಗುತ್ತದೆ. ಹಾಗಾಗಿ ತೊರೆಯ ಈಚೆಗೇ ಬೇಲಿ ಎಳೆಯೋಣ ಎಂದು ಕಿನ್ಲೆ ಹೇಳಿದ. ಸರಿ ಎಂದು ತಲೆಗಳು ಆಡಿದವು.

ಪೆಮಾ ಎದ್ದು ನಿಂತಳು. ಕೂತವರು ನಕ್ಕರು. ಕಿನ್ಲೆ ಕೈ ಬೀಸಿ ಕೂರು ಎಂದ, ಕಾಲು ವಾಸಿಯಾದ ಮೇಲೆ ನಿಮ್ಮಮ್ಮ ಬಂದು ಮಾತಾಡಲಿ ಎಂದ. ಅವಳು ಕೂರಲಿಲ್ಲ. ಕೆಂಪು ಪಟ್ಟಿಯ ತುದಿಯನ್ನು ಎರಡೂ ಕೈಯಲ್ಲಿ ಹಿಂಡುತ್ತ ಒಂದು ಮಾತು ಹೇಳಿದಳು. ನಗುತ್ತಿದ್ದವರು ಕಿನ್ಲೆಯ ಕಡೆ ತಿರುಗಿದರು.

"ಏನಂದಳೋ?" ಎಂದೆ ಮಾದೇಶನಿಗೆ.

"'ಹಾಜ್ರಿ ಕೂಗ್ದಾಗ ನಾನು ಮನೆ, ಮಾತಾಡಕ್ಕೆ ನಿಂತ್ರೆ ಮಗುವಾ?' ಅಂತವ್ಳೆ ಬಾವ."

ಕಿನ್ಲೆ ನೆಲ ನೋಡಿದ, ಬಾಯಿಯಲ್ಲಿದ್ದ ಡೋಮಾ ಅಗಿದ, ಆಮೇಲೆ ಹೇಳು ಎಂದ.

ಅವಳು ಅತ್ತು ಕರೆದು ಏನನ್ನೂ ಕೇಳಲಿಲ್ಲ. ಹಂದಿ ಮೊದಲು ಇಳಿಯುವುದೇ ನಮ್ಮ ಕಡೆಯಿಂದ, ನಮ್ಮ ಜೋಳ ಹೊರಗೆ ಬಿಟ್ಟರೆ ಅವು ದಿನಾ ತಿನ್ನಲು ಬರುತ್ತವೆ, ಬಂದವು ನಿಮ್ಮ ಬೇಲಿಯ ಪಕ್ಕದಲ್ಲೇ ಇರುತ್ತವೆ, ಒಂದು ದಿನ ಕರೆಂಟ್ ಹೋದರೆ ಒಳಗೆ ನುಗ್ಗುತ್ತವೆ ಎಂದಳು. ಇದು ನನಗೆ ಆನೆಯ ವಿಷಯದಲ್ಲಿ ಗೊತ್ತಿರುವ ಸತ್ಯ. ಮುದುಕಿಯೊಬ್ಬಳು ಹೌದು ಹೌದು ಎಂದಳು. ಇನ್ನೊಬ್ಬ ಇಲ್ಲ ಎಂದು ಎದ್ದ. ಮಾತು ಬೆಳೆಯಿತು, ಬಹಳ ಹೊತ್ತು ಬೆಳೆಯಿತು. ಸಿಂಚನ ಆಕಳಿಸಿದಳು, ಹುಲ್ಲು ಕಿತ್ತಳು, ಮತ್ತೆ ಕಿವಿಗೊಟ್ಟಳು.

ಕೊನೆಗೆ ಕೈ ಎತ್ತಿಸಿದರು. ತೂಕಡಿಸುತ್ತಿದ್ದ ಹುಡುಗ ಗಾಬರಿಯಿಂದ ಎದ್ದು ಎರಡು ಕಡೆಗೂ ಕೈ ಎತ್ತಿಬಿಟ್ಟ. ಬೈಗುಳ ತಿಂದ. ಮತ್ತೆ ಎಣಿಸಿದರು. ಪೆಮಾ ಸೋತಳು.

ಅವಳು ಕೂರಲಿಲ್ಲ. ಮತ್ತೆ ಏನೋ ಕೇಳಿದಳು. ಮಾದೇಶ ಹೇಳಿದ, "'ಮುಂದಿನ್ ಬಿತ್ನೆಗೆ ಮುಂಚೆ ಈ ಮಾತ ಮತ್ತೆ ಸಭೆಗೆ ತತ್ತೀನಿ ಅಂತ ಎಲ್ರ ಮುಂದೆ ಏಳಿ' ಅಂತವ್ಳೆ." ಕಿನ್ಲೆ ನಿಟ್ಟುಸಿರು ಬಿಟ್ಟು, ತರುತ್ತೇನೆ ಎಂದ. ಆಗ ಅವಳು ಕೂತಳು.

ತೊರೆಯ ದಾರಿ

ಇಳಿದು ಬರುವಾಗ ನನಗೆ ತಡೆಯಲಾಗಲಿಲ್ಲ. ನಮ್ಮೂರಲ್ಲಾಗಿದ್ದರೆ ನಾನು ಟವಲ್ಲು ಕೊಡವಿ ಎದ್ದು ಬಂದಿರುತ್ತಿದ್ದೆ. "ನೀನು ಎದ್ದು ಬಂದುಬಿಡಬೇಕಿತ್ತು ಅಂತ ಹೇಳೋ ಅವಳಿಗೆ" ಎಂದೆ ಮಾದೇಶನಿಗೆ.

ಪೆಮಾ ನನ್ನನ್ನು ವಿಚಿತ್ರವಾಗಿ ನೋಡಿದಳು. ಎದ್ದು ಬಂದರೆ ನಮ್ಮ ಮನೆ ಗೈರುಹಾಜರಿ, ಆಮೇಲೆ ಅವರು ಏನು ಮಾಡಿದರೂ ನಾನು ಕೇಳುವ ಹಾಗಿಲ್ಲ ಎಂದಳು.

ಮಾರನೆಯ ದಿನ ಬೇಲಿ ಹೋಗುವ ದಾರಿಯ ಪೊದೆ ಕಡಿಯುವ ಕೆಲಸ. ಮನೆಗೊಬ್ಬರು. ಶಾಲೆಗೆ ಹೋಗುವ ಮುಂಚೆ ಪೆಮಾ ಕತ್ತಿ ಹಿಡಿದು ಬಂದಳು. ಸಿಂಚನಳೂ ಜೊತೆಗೆ ಹೋಗಿ ಸೊಪ್ಪು ಎಳೆದು ಹಾಕಿದಳು. ವಾಪಸ್ ಬಂದು ನನ್ನ ಪಕ್ಕ ಕೂತು ಕೈಯ ಮುಳ್ಳು ಕೀಳುತ್ತ ಹೇಳಿದಳು, "ಬೇಲಿ ನಿಮ್ಗಿಲ್ವಲ್ಲ, ನೀನ್ಯಾಕೆ ಕಡೀತೀಯ ಅಂತ ಕೇಳ್ದೆ ಅಪ್ಪ. ನಾನು ಬ್ಯಾಡ ಅಂದಿದ್ದು ಬೇಲಿ ಓಗೋ ದಾರಿಗೆ, ಬೇಲಿಗಲ್ಲ ಅಂದ್ಲು."

"ಬೇಜಾರಾಗಿತ್ತಾ ಅವಳಿಗೆ?"

"ಆಗಿತ್ತು. ಆದ್ರೆ ಮುಂದಿನ್ ಸಲ ಆ ಅಜ್ಜಿ ಜೊತೆ ಮೊದ್ಲೇ ಮಾತಾಡ್ಕೋತಾಳಂತೆ."

ಮಕ್ಕಳು ಸಭೆಗೆ ಹೋದರೆ ಒಳ್ಳೆಯ ನಡತೆ ಕಲಿಯುತ್ತಾರೆ, ಧೈರ್ಯ ಬರುತ್ತದೆ ಎಂದು ಭಾಷಣದಲ್ಲಿ ಹೇಳುತ್ತಾರೆ. ನಾನು ಕಂಡದ್ದು ಅದಲ್ಲ. ಬೇಸರ ತಡೆದುಕೊಂಡು ಕೂರುವುದನ್ನು ಕಲಿಯುತ್ತಾರೆ. ನಿದ್ದೆ ಮಾಡಿದರೆ ಎರಡೂ ಕಡೆ ಕೈ ಎತ್ತುತ್ತೇವೆ ಎನ್ನುವುದನ್ನು ಕಲಿಯುತ್ತಾರೆ. ದೊಡ್ಡವರು ತಮ್ಮ ಹೊಲ ಉಳಿಸಿಕೊಳ್ಳಲು ಊರಿನ ಹೆಸರು ಹೇಗೆ ಹೇಳುತ್ತಾರೆ ಎನ್ನುವುದನ್ನು ಕಣ್ಣಾರೆ ನೋಡುತ್ತಾರೆ. ಸೋತವರು ಮಾರನೆಯ ದಿನ ಗೆದ್ದವರ ಪಕ್ಕದಲ್ಲೇ ಕತ್ತಿ ಬೀಸಬೇಕು ಎನ್ನುವುದನ್ನೂ. ಇದನ್ನು ಯಾವ ಪಾಠದಲ್ಲಿ ಬರೆದು ಕಲಿಸುತ್ತೀರಿ?

ನಮ್ಮಲ್ಲೂ ಮಕ್ಕಳ ಗ್ರಾಮಸಭೆ ಎಂದು ವರ್ಷಕ್ಕೊಮ್ಮೆ ಮಾಡುತ್ತಾರೆ. ಮೇಷ್ಟ್ರು ಬರೆದುಕೊಟ್ಟಿದ್ದನ್ನು ಮಕ್ಕಳು ಓದುತ್ತಾರೆ, ವೇದಿಕೆಯವರು ಮಾಡಿಸಿಕೊಡುತ್ತೇವೆ ಎನ್ನುತ್ತಾರೆ, ಚಾಕಲೇಟು ಕೊಡುತ್ತಾರೆ, ಫೋಟೋ ತೆಗೆಯುತ್ತಾರೆ. ಅಲ್ಲಿ ಯಾರೂ ಸೋಲುವುದಿಲ್ಲ, ಯಾರೂ ಜಗಳ ಆಡುವುದಿಲ್ಲ, ಏನೂ ತೀರ್ಮಾನವಾಗುವುದಿಲ್ಲ. ಅದನ್ನು ಸಭೆ ಎನ್ನಲು ನಾನು ಇನ್ನು ಮುಂದೆ ತಯಾರಿಲ್ಲ.

ನಮ್ಮೂರು

ಮಳೆ ಹಿಡಿದ ಮೇಲೆ ನಮ್ಮ ಗ್ರಾಮಸಭೆ ಬಂತು, ಶಾಲೆಯ ಜಗುಲಿಯಲ್ಲಿ. ನಾನು, ರತ್ನ, ನಡುವೆ ಸಿಂಚನ. ನಮ್ಮ ಪಂಚಾಯಿತಿಯ ಅಧ್ಯಕ್ಷೆ ಮಂಜುಳಮ್ಮ. ಆದರೆ ಮೈಕು ಯಾವಾಗಲೂ ಅವರ ಗಂಡ ಪುಟ್ಟಸ್ವಾಮಣ್ಣನ ಕೈಯಲ್ಲಿ. ಆಯಮ್ಮ ಪಕ್ಕದ ಕುರ್ಚಿಯಲ್ಲಿ ಸೆರಗು ಹೊದ್ದು ಕೂರುತ್ತಾರೆ, ತೋರಿಸಿದ ಕಡೆ ಸಹಿ ಹಾಕುತ್ತಾರೆ. ಅವರ ದನಿ ಹೇಗಿದೆ ಎಂದು ಸಭೆಯಲ್ಲಿ ಯಾರೂ ಕೇಳಿರಲಿಲ್ಲ.

ಬೇರೆ ಏನಾದರೂ ಇದೆಯಾ ಎಂದು ಪುಟ್ಟಸ್ವಾಮಣ್ಣ ಕೇಳಿದಾಗ ಸಿಂಚನ ಎದ್ದಳು. ಅವಳು ಏಳುತ್ತಾಳೆ ಎಂದು ನನಗೆ ಗೊತ್ತಿತ್ತು. ಏನು ಹೇಳುತ್ತಾಳೆ ಎಂದು ಗೊತ್ತಿರಲಿಲ್ಲ.

"ಕೂತ್ಕೊ ಕಣಮ್ಮಿ, ಮಕ್ಳ ಸಭೆ ಆಮೇಕ್ ಐತೆ, ಅಲ್ ಮಾತಾಡುವಂತೆ" ಎಂದರು ಅವರು.

"ಅಷ್ಟೊತ್ಗೆ ಆನೆ ಬಂದೋಗಿರ್ತದೆ" ಎಂದಳು ಸಿಂಚನ.

ಪಂಚಾಯಿತಿಯ ಅಧಿಕಾರಿ ಎದ್ದು, ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದವರು ಗ್ರಾಮಸಭೆಯಲ್ಲಿ ಮಾತಾಡುವಂತಿಲ್ಲ, ದಯವಿಟ್ಟು ಮಗುವನ್ನು ಹೊರಗೆ ಕಳಿಸಿ ಎಂದರು. ಎದ್ದು ನಿಂತೆ.

"ಸಾರ್, ಕೈ ಎತ್ತಕ್ಕೆ ಅವಳಿಗೆ ಹಕ್ಕಿಲ್ಲ, ಒಪ್ಕೊಂಡೆ. ಕೂತು ಕೇಳಬಾರದು, ಒಂದು ಪ್ರಶ್ನೆ ಹಾಕಬಾರದು ಅಂತ ಎಲ್ಲಿದೆ? ಹೆಸರಿದ್ದೋರೇ ಮಾತಾಡಬೇಕು ಅಂದ್ರೆ, ಅಧ್ಯಕ್ಷರ ಹೆಸರು ಮಂಜುಳಮ್ಮ ಅಂತ ಇದೆ. ಮೈಕು ಹಿಡ್ಕೊಂಡಿರೋ ಪುಟ್ಟಸ್ವಾಮಣ್ಣ ಯಾವ ಪೋಸ್ಟಲ್ಲಿ ಅವ್ರೆ?"

ಹಿಂದಿನಿಂದ ಯಾರೋ ಸಿಳ್ಳೆ ಹೊಡೆದರು. ಪುಟ್ಟಸ್ವಾಮಣ್ಣನ ಮುಖ ಕೆಂಪಾಯಿತು. "ಏನ್ಲಾ ಅಂದೆ? ಎರಡ್ ದಿನ ಫಾರಿನ್‌ಗೋಗಿ ಬಂದ್ಬುಟ್ಟು ನಮ್ಗೇ ಕಾನೂನು ಏಳ್ಕೊಡ್ತೀಯೇನ್ಲಾ?" ಎಂದು ಕುರ್ಚಿ ತಳ್ಳಿ ಎದ್ದರು. ರತ್ನ ನನ್ನ ಅಂಗಿ ಹಿಡಿದು ಎಳೆದಳು. "ಬನ್ನಿ ಕಣಿ, ಮನೆಗೋಗನ, ಸಾಕು."

ಸಿಂಚನ ಮಾತ್ರ ನಮ್ಮಿಬ್ಬರ ಕಡೆಯೂ ನೋಡುತ್ತಿರಲಿಲ್ಲ. ಅವಳು ಪುಟ್ಟಸ್ವಾಮಣ್ಣನ ಪಕ್ಕದ ಕುರ್ಚಿಯನ್ನೇ ನೋಡುತ್ತಿದ್ದಳು. "ನಾನು ಅಧ್ಯಕ್ಷರನ್ನ ಕೇಳ್ತಾ ಇವ್ನಿ" ಎಂದಳು.

ಎಲ್ಲರ ತಲೆಯೂ ಆ ಕಡೆ ತಿರುಗಿತು. ಮಂಜುಳಮ್ಮ ಒಮ್ಮೆ ಗಂಡನನ್ನು ನೋಡಿದರು. ಸೆರಗು ಸರಿಮಾಡಿಕೊಂಡರು. ಆಮೇಲೆ, ಮೈಕು ಇಲ್ಲದೆಯೇ, "ಅದೇನ್ ಏಳು ಕಣವ್ವ, ನಾನ್ ಕೇಳುಸ್ಕೊತಾ ಇವ್ನಿ" ಎಂದರು.

ದನಿ ಸಣ್ಣದೇನೂ ಅಲ್ಲ. ಜಗುಲಿಯ ಆ ತುದಿಗೂ ಕೇಳಿಸಿತು.

ಸಿಂಚನ ಹೇಳಿದ್ದು ಬೇಲಿಯ ಗೇಟಿನ ವಿಷಯ. ದನ, ಟ್ರ್ಯಾಕ್ಟರ್ ಹೋಗಲು ಸೋಲಾರ್ ಬೇಲಿಗೆ ಒಂದು ಗೇಟಿದೆ. ಸಂಜೆ ಕೊನೆಗೆ ಬಂದವರು ಅದನ್ನು ಮುಚ್ಚಬೇಕು, ಯಾರೂ ಮುಚ್ಚುವುದಿಲ್ಲ. ತೆರೆದ ಗೇಟಿನಿಂದ ಆನೆ ಒಳಗೆ ಬಂದು, ಬೆಳಿಗ್ಗೆ ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲೇ ನಿಂತಿರುತ್ತದೆ. "ಅರಣ್ಯದೋರು ಬೇಲಿ ಸರಿ ಮಾಡ್ಲಿಲ್ಲ ಅಂತ ಎಲ್ರೂ ಬೈತೀರ. ಬೇಲಿ ಸರಿಯಾಗೈತೆ. ಗೇಟ್ ತೆಗೆದಿಡೋರು ನಾವೇಯ. ನಮ್ಮನೇವ್ರೂವೆ. ಅದ ಮುಚ್ಚೋದು ಯಾರ ಕೆಲ್ಸ ಅಂತ ಇವತ್ತು ತೀರ್ಮಾನ ಮಾಡಿ."

ರತ್ನ ನನ್ನ ಅಂಗಿ ಬಿಟ್ಟಳು. ಸಂಜೆ ದನ ಹೊಡೆದುಕೊಂಡು ಕೊನೆಗೆ ಬರುವವಳು ಎಷ್ಟೋ ಸಲ ಅವಳೇ.

ಆಮೇಲೆ ನಡೆದದ್ದು ಸಭ್ಯವಾಗಿತ್ತು ಎಂದು ಹೇಳಲಾರೆ. ನಿನ್ನ ದನ, ನಿನ್ನ ಟ್ರ್ಯಾಕ್ಟರ್ ಎಂದು ಬಡಿದಾಡುವ ಮಟ್ಟಕ್ಕೆ ಹೋಯಿತು. ಸಿಂಚನ ನಿಂತೇ ಇದ್ದಳು. ಕೊನೆಗೆ ಮಂಜುಳಮ್ಮನೇ ಎದ್ದು, ಗೇಟಿನ ಹತ್ತಿರದ ಏಳು ಮನೆಗಳಿಗೆ ದಿನಕ್ಕೊಂದು ಮನೆ ಎಂದು ಸರದಿ ಹಾಕಿದರು. ತಮ್ಮ ಮನೆಯನ್ನು ಸೋಮವಾರಕ್ಕೆ ಹಾಕಿಕೊಂಡರು. ನಮ್ಮದು ಭಾನುವಾರ. ವಾರಕ್ಕೊಂದು ರಜೆಯ ದಿನವೂ ನನಗೆ ಉಳಿಯಲಿಲ್ಲ. ಬೇಸರವಿಲ್ಲ.

ಕೆಲವು ದಿನಗಳಾದ ಮೇಲೆ ಪುಟ್ಟಸ್ವಾಮಣ್ಣ ಗುಂಡ್ಲುಪೇಟೆಯಲ್ಲಿ ನನ್ನ ಬಸ್ಸು ಹತ್ತಿದರು. ಚಾಮರಾಜನಗರದಲ್ಲಿ ಏನೋ ಆಫೀಸಿನ ಕೆಲಸವಂತೆ. ನನ್ನ ಹಿಂದಿನ ಸೀಟಿನಲ್ಲಿ ಕೂತರು. ಆಮೇಲೆ ಮುಂದೆ ಬಾಗಿ ಹೇಳಿದರು.

"ಮುಂದಿನ್ ಸಭೆಗೆ ಆ ಉಡ್ಗೀನ ಕರ್ಕಂಡ್ ಬರ್ಬ್ಯಾಡ ಕಣ್ಲಾ. ಊರ್ಗೇ ಒಂದ್ ಪದ್ಧತಿ ಅನ್ನೋದಿರ್ತದೆ."

ನಾನು ಕನ್ನಡಿಯಲ್ಲಿ ಅವರನ್ನು ನೋಡಿದೆ. "ಕರ್ಕಂಡ್ ಬರಕ್ಕೆ ನಾನೇ ಬರಲ್ಲ ಕಣಣ್ಣ, ಅವತ್ತು ನಂಗೆ ಡ್ಯೂಟಿ. ನಮ್ಮನೆ ಕಡೆಯಿಂದ ಅವ್ಳೇ ಬತ್ತಾಳೆ. ಅವಳ ಜೊತೆ ಇನ್ನೊಂದಷ್ಟು ಮಕ್ಳೂ ಬತ್ತವಂತೆ."

ಅವರು ಹಿಂದಕ್ಕೆ ಒರಗಿದರು. ಇಳಿಯುವಾಗ ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತರು. ಅಂದು ಸೋಮವಾರ, ಗೇಟಿಗೆ ಅವರ ಮನೆಯ ಸರದಿ.

"ಕತ್ಲಾಗಕ್ ಮುಂಚೆ ಊರ್ ಸೇರ್ಬೇಕು, ಗುಂಡ್ಲುಪೇಟೆಗೆ ಬಸ್ ಯಾವ್ದೈತ್ಲಾ?"

"ನಂದೇ ಐತೆ ಕಣಣ್ಣ" ಎಂದೆ. "ಬಂದು ಕೂತ್ಕೊಳಿ. ಕಾಯ್ತೀನಿ."